ಜರ್ಮನಿಯಲ್ಲಿ ತುಪ್ಪ: ಕಾಯಿಸುವುದೋ, ಕೊಳ್ಳುವುದೋ?

ಹಾಲಿನ ಮೇಲೆ ಕೆನೆಯೇ ಕಟ್ಟುತ್ತಿಲ್ಲ, ಹೀಗಿರುವಾಗ ಇಲ್ಲಿ ತುಪ್ಪ ಮಾಡಿಕೊಳ್ಳುವುದು ಹೇಗೆ, ಅಂಗಡಿಯದನ್ನೇ ಕೊಳ್ಳಬೇಕೇ, ಇಲ್ಲವೇ ಮುಂದಿನ ಸಲ ಊರಿನಿಂದ ಒಂದು ಡಬ್ಬ ತಂದುಬಿಡಲೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಉತ್ತರ ಚಿಕ್ಕದು: ತರಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಅಮ್ಮ ಕಾಯಿಸಿಕೊಟ್ಟದ್ದು ಎಂಬ ಮಾತು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ.

ಕೆನೆ ಕಟ್ಟದಿದ್ದ ಮಾತ್ರಕ್ಕೆ ಹಾಲು ಕಳಪೆಯೆಂದು ತಿಳಿಯಬೇಡಿ. ಬಂದ ಹೊಸದರಲ್ಲಿ ನಾನೂ ಕಾಯಿಸಿದ ಹಾಲಿನ ಮುಚ್ಚಳವನ್ನು ತೆಗೆತೆಗೆದು ನೋಡುತ್ತಿದ್ದೆ. ಇಲ್ಲಿ ಮಾರುವ ಬಹುಪಾಲು ಹಾಲನ್ನು ಹೆಚ್ಚಿನ ಒತ್ತಡದಲ್ಲಿ ಹಾಯಿಸಿ ಅದರ ಜಿಡ್ಡಿನ ಕಣಗಳನ್ನು ಸಣ್ಣದಾಗಿ ಒಡೆದಿರುವುದರಿಂದ ಅವು ಮೇಲಕ್ಕೆ ಬಂದು ಕೂಡಿಕೊಳ್ಳುವುದಿಲ್ಲ. ಹಾಗೆ ಒಡೆಯದ ಹಾಲು ಸಾವಯವ ಅಂಗಡಿಗಳಲ್ಲಿ ಸಿಗುತ್ತದೆಯಾದರೂ ಚಿಕ್ಕ ಸಂಸಾರದಲ್ಲಿ ತುಪ್ಪಕ್ಕಾಗುವಷ್ಟು ಕೆನೆ ಕೂಡಿಡುವುದು ಆಗಹೋಗುವ ಕೆಲಸವಲ್ಲ. ಬೆಣ್ಣೆ ಕೊಂಡು ಕಾಯಿಸುವುದೇ ದಾರಿ.

ಕೊಳ್ಳುವುದಾದರೆ ಎಲ್ಲ ದಿನಸಿ ಅಂಗಡಿಗಳಲ್ಲೂ ಬುಟರ್‌ಶ್ಮಾಲ್ಟ್ಸ್ ಇದೆ. ನೀರನ್ನೂ ಗಸಿಯನ್ನೂ ತೆಗೆದ ಬೆಣ್ಣೆಯ ಜಿಡ್ಡು ಅದು. ಕರಿಯುವುದಕ್ಕೆ, ಒಗ್ಗರಣೆಗೆ ಧಾರಾಳವಾಗಿ ಬಳಸಿ. ಆದರೆ ಬಿಸಿ ಅನ್ನ, ತೊವ್ವೆಯ ಮೇಲೆ ಹಾಕಿಕೊಂಡರೆ ಏನೂ ಅನ್ನಿಸುವುದಿಲ್ಲ. ನಮ್ಮವರು ಅನೇಕರು ಇದಕ್ಕಾಗಿ ಇಲ್ಲಿಯ ಹಸುವನ್ನು, ಹುಲ್ಲನ್ನು ದೂರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ತುಪ್ಪದ ಘಮ ಬರುವುದು ಕೆನೆಗೆ ಹೆಪ್ಪು ಹಾಕಿ ಹುಳಿ ಬರಿಸಿ ಕಡೆಯುವುದರಿಂದ, ಆಮೇಲೆ ತಳದ ಗಸಿ ಹೊಂಬಣ್ಣಕ್ಕೆ ತಿರುಗುವವರೆಗೂ ಕಾಯಿಸುವುದರಿಂದ. ಕಾರ್ಖಾನೆಯಲ್ಲಿ ಗಸಿ ಬಣ್ಣ ತಿರುಗುವ ಮೊದಲೇ ಅದನ್ನು ಬೇರ್ಪಡಿಸಿಬಿಡುತ್ತಾರೆ.

ನಾವಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಮನೆಯಲ್ಲಿದ್ದದ್ದು ಈ ಡಬ್ಬದ ಜಿಡ್ಡೇ. ಅದರಲ್ಲೇ ಅನ್ನ ಕಲಸಿಕೊಂಡು ಬೆಳೆದ ನನ್ನ ಮಗಳಿಗೆ ಈಗ ನಾನು ಕಾಯಿಸುವ ತುಪ್ಪದ ಘಮ ನಾತವಾಗಿ ಕಾಣುತ್ತದೆ. ಊರಿಗೆ ಹೋದಾಗ ಅವಳ ಅಜ್ಜಿ ತುಪ್ಪದ ಮಿಳ್ಳೆ ಹಿಡಿದು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ. ನಮ್ಮ ಅತ್ತೆಯವರು ಒಂದು ಮಾತೂ ಆಡದೆ ಪಕ್ಕದ ಎಲೆಗೆ ಸರಿಯುತ್ತಾರೆ. ಆ ಕೊರಗು ನನಗೆ ಇನ್ನೂ ಹೋಗಿಲ್ಲ. ನಿಮ್ಮ ಮಗು ಇನ್ನೂ ಚಿಕ್ಕದೆಂದು ಬರೆದಿದ್ದೀರಿ. ಎಷ್ಟೇ ದಣಿದಿದ್ದರೂ ವಾರಕ್ಕೊಂದು ಪೊಟ್ಟಣ ಬೆಣ್ಣೆಯನ್ನಾದರೂ ಕಾಯಿಸಿ.

ಬೆಣ್ಣೆ ಆರಿಸುವಾಗ ಪೊಟ್ಟಣದ ಮೇಲೆ ಝೌಅರ್‌ರಾಮ್‌ಬುಟರ್ ಎಂದಿದೆಯೇ ನೋಡಿ. ಅದು ಹುಳಿ ಬರಿಸಿದ ಕೆನೆಯಿಂದ ತೆಗೆದ ಬೆಣ್ಣೆ, ನಮ್ಮದಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಝ್ಯೂಸ್‌ರಾಮ್‌ಬುಟರ್ ಹುಳಿ ಬರಿಸದ ಕೆನೆಯದು. ಮಿಲ್ಡ್‌ಗೆಝೊಯರ್ಟ್ ಎಂದು ಬರೆದದ್ದರಲ್ಲಿ ಹುಳಿಯನ್ನು ಬೆಣ್ಣೆಯಾದ ಮೇಲೆ ಸೇರಿಸಿರುತ್ತಾರೆ. ಉಪ್ಪು ಹಾಕಿದ್ದು ಬೇಡ. ಇಲ್ಲಿನ ಬೆಣ್ಣೆಯಲ್ಲಿ ಕನಿಷ್ಠ ಶೇಕಡ 82ರಷ್ಟು ಜಿಡ್ಡು ಇರಲೇಬೇಕಾದ್ದರಿಂದ 250 ಗ್ರಾಂನ ಒಂದು ಪೊಟ್ಟಣಕ್ಕೆ 200 ಗ್ರಾಂ ಆಸುಪಾಸಿನ ತುಪ್ಪ ಬರುತ್ತದೆ.

ಕಾಯಿಸುವ ಕ್ರಮ ನಿಮಗೆ ಗೊತ್ತೇ ಇದೆ, ಒಲೆಯ ವಿಷಯವನ್ನಷ್ಟೇ ಹೇಳುತ್ತೇನೆ. ಊರಿನಲ್ಲಿ ಗ್ಯಾಸ್ ಆರಿಸಿದರೆ ಉರಿ ಅಲ್ಲಿಗೆ ಮುಗಿಯಿತು; ಇಲ್ಲಿಯ ಗಾಜಿನ ವಿದ್ಯುತ್ ಒಲೆ ಆರಿಸಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ, ಅಷ್ಟರಲ್ಲಿ ಹೊಂಬಣ್ಣದ ಗಸಿ ಕಪ್ಪಾಗಿ ತುಪ್ಪವೆಲ್ಲ ಸೀದ ವಾಸನೆ ಹೊಡೆಯುತ್ತದೆ. ಆದ್ದರಿಂದ ಚಟಪಟ ಸದ್ದು ಅಡಗಿ, ಮೊದಲಿನ ದಪ್ಪ ಗುಳ್ಳೆಗಳ ಬದಲಿಗೆ ಸಣ್ಣ ನೊರೆ ಏಳುತ್ತಿದ್ದಂತೆಯೇ ಪಾತ್ರೆಯನ್ನು ಒಲೆಯಿಂದ ಪೂರ್ತಿ ಕೆಳಗಿಳಿಸಿ, ನೊರೆ ಇಳಿದ ಮೇಲೆ ಸೋಸಿಕೊಳ್ಳಿ. ಕಾಯಿಸುವ ಮೊದಲು ಅಡುಗೆಮನೆಯ ಕಿಟಕಿ ತೆರೆದು ಬಾಗಿಲು ಹಾಕಿಕೊಳ್ಳಿ, ಏಕೆಂದರೆ ಮನೆಯೊಳಗಿನ ಓಣಿಯಲ್ಲಿ ನೇತುಹಾಕಿದ ಚಳಿಗಾಲದ ಕೋಟುಗಳು ಆ ವಾಸನೆಯನ್ನು ಹಿಡಿದಿಟ್ಟುಕೊಂಡರೆ ಕಚೇರಿಯವರೆಗೂ ನಿಮ್ಮೊಂದಿಗೆ ಬರುತ್ತದೆ. ಹೊಗೆಯ ಎಚ್ಚರಿಕೆ ಗಂಟೆಯೂ ಆ ಓಣಿಯಲ್ಲೇ ಇರುತ್ತದೆ.

ನೀರಿನ ಪಸೆ ತಾಗದಂತೆ ಇಟ್ಟರೆ ತುಪ್ಪವನ್ನು ಫ್ರಿಜ್ಜಿನಲ್ಲಿಡಬೇಕಾಗಿಲ್ಲ. ಪಾತ್ರೆಯನ್ನು ಮಾತ್ರ ಮೊದಲು ಕಾಗದದಿಂದ ಚೆನ್ನಾಗಿ ಒರೆಸಿ ಆಮೇಲೆ ತೊಳೆಯಿರಿ. ಈ ಚಳಿಗೆ ತುಪ್ಪ ಕೊಳವೆಯೊಳಗೇ ಹೆಪ್ಪುಗಟ್ಟುತ್ತದೆ, ಬಾಡಿಗೆ ಮನೆಯಲ್ಲಿ ಆ ರಗಳೆ ನಿಮಗೆ ಬೇಡ.