ಎಂ8 ಬೋಲ್ಟಿಗೆ 8 ಮಿ.ಮೀ. ಸರಳು ಏಕೆ ಹೊಂದುವುದಿಲ್ಲ

ಬೋಲ್ಟಿನ ಸುರುಳಿ ಥ್ರೆಡ್ಡನ್ನು ಒತ್ತಿ ಮೂಡಿಸುವ ಥ್ರೆಡ್ ರೋಲಿಂಗ್ ಯಂತ್ರಕ್ಕೆ 8 ಮಿ.ಮೀ. ಸರಳನ್ನೇ ಕೊಟ್ಟು ಎಂ8 ಬೋಲ್ಟ್ (ಥ್ರೆಡ್ಡಿನ ಹೊರ ವ್ಯಾಸ 8 ಮಿ.ಮೀ.) ಮಾಡುವಾಗ ಡೈ, ಅಂದರೆ ಥ್ರೆಡ್ ಒತ್ತುವ ಗಟ್ಟಿ ಅಚ್ಚು, ಏಕೆ ಒಡೆಯುತ್ತದೆ ಎಂದು ಕೇಳಿದ್ದೀರಿ. ಲೇತ್‌ನಲ್ಲಿ ಲೋಹವನ್ನು ಕೊರೆದು ತೆಗೆಯುತ್ತೇವೆ. ರೋಲಿಂಗ್‌ನಲ್ಲಾದರೋ ಚೂರೂ ಹೊರಬೀಳದೆ, ಡೈಯ ಏಣು ಒತ್ತಿದ ಕಡೆಯ ಲೋಹವೇ ಪಕ್ಕಕ್ಕೆ ಸರಿದು ಥ್ರೆಡ್ಡಿನ ತಲೆಯಾಗಿ ಮೇಲೇಳುವುದರಿಂದ, ಸರಳಿನ ವ್ಯಾಸವು ಪಿಚ್ ವ್ಯಾಸಕ್ಕೆ (ಥ್ರೆಡ್ಡಿನ ತಲೆಗೂ ಬುಡಕ್ಕೂ ನಡುವೆ ಅಳೆಯುವ ವ್ಯಾಸ) ಸಮೀಪವಾಗಿರಬೇಕು. 1.25 ಮಿ.ಮೀ. ಪಿಚ್ಚಿನ (ಥ್ರೆಡ್ಡಿನ ಒಂದು ತಲೆಯಿಂದ ಮುಂದಿನ ತಲೆಗಿರುವ ದೂರ) ಎಂ8ಕ್ಕೆ ಅದು ಸುಮಾರು 7.1 ಮಿ.ಮೀ. ನಿಮ್ಮ ಸರಳಿನ ಹೆಚ್ಚುವರಿ ಲೋಹಕ್ಕೆ ಹೋಗಲು ಜಾಗವಿಲ್ಲದೆ ಒತ್ತಡವೆಲ್ಲ ಡೈಯ ಮೇಲೆ ಬೀಳುತ್ತಿದೆ. ವ್ಯಾಸವನ್ನು ಮೈಕ್ರೋಮೀಟರಿನಲ್ಲೇ ಅಳೆಯಿರಿ.

ಬೋಲ್ಟನ್ನು ಕಾಯಿಸಿ ಹದಗೊಳಿಸುವುದಿದ್ದರೆ, ಸಾಧ್ಯವಾದಲ್ಲಿ ಆ ಕೆಲಸ ಮುಗಿದ ಮೇಲೆಯೇ ರೋಲ್ ಮಾಡಿ. ಡೈ ಬೇಗ ಸವೆಯುವುದು ನಿಜ. ಆದರೂ ರೋಲಿಂಗ್‌ನಿಂದ ಥ್ರೆಡ್ಡಿನ ಬುಡದಲ್ಲಿ ಉಳಿಯುವ, ಲೋಹವನ್ನು ಅದುಮಿಡುವ ಸಂಪೀಡನ ಒತ್ತಡವು, ಮತ್ತೆ ಮತ್ತೆ ಬೀಳುವ ಭಾರದಿಂದ ಬಿರುಕು ಹುಟ್ಟುವುದನ್ನು ಬಹುಕಾಲ ಮುಂದೂಡುತ್ತದೆ. ಮೊದಲೇ ರೋಲ್ ಮಾಡಿದರೆ ಈ ಲಾಭದ ಬಹುಭಾಗ ಕುಲುಮೆಯ ಕಾವಿನಲ್ಲಿ ಕಳೆದುಹೋಗುತ್ತದೆ.