ಓದುಗರ ಪ್ರಶ್ನೆ, ನಮ್ಮ ಉತ್ತರ: ಪೆಟ್ರೋಲ್ ಮುಗಿದ ಲೋಕದಲ್ಲಿ ಸೈಕಲ್ ಹೀರೋ

ಪ್ರಶ್ನೆ: ಸಾರ್, ‘ಟರ್ಬೋ ಕಿಡ್’ ಅಂತ ಒಂದು ಸಿನಿಮಾ ಇದೆ, ನೋಡ್ಲೇಬೇಕು ಅಂತ ಫ್ರೆಂಡ್ ಹಿಂದೆ ಬಿದ್ದಿದ್ದ. ಅರ್ಧ ಗಂಟೆ ನೋಡಿ ಆಫ್ ಮಾಡ್ದೆ. ಲೋಕ ಹಾಳಾಗಿದೆಯಂತೆ, ಎಲ್ರೂ ಚಿಕ್ಕ ಮಕ್ಕಳ ಸೈಕಲ್ ತುಳ್ಕೊಂಡು ಹೊಡೆದಾಡ್ತಾರೆ, ಎಲ್ಲಿ ನೋಡಿದ್ರೂ ಗುಜರಿ. ಇದು ಬೇಕಂತ ಮಾಡಿರೋ ಕಾಮಿಡಿನಾ, ದುಡ್ಡಿಲ್ದೆ ಹಿಂಗಾಗಿದ್ಯಾ?

ಉತ್ತರ: ಎರಡೂ ಹೌದು. ದುಡ್ಡು ಕಮ್ಮಿ ಇತ್ತು, ಅದನ್ನ ಮುಚ್ಚಿಡೋಕೆ ಹೋಗ್ದೆ ಕಥೆಯೊಳಗೇ ಸೇರಿಸ್ಕೊಂಡ್ರು, ನನಗೆ ಈ ಸಿನಿಮಾ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದೇ ಅಲ್ಲಿ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳ್ತೀನಿ. 1979ರಲ್ಲಿ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್ ‘ಮ್ಯಾಡ್ ಮ್ಯಾಕ್ಸ್’ ಮಾಡಿದ್ರು, 1981ರಲ್ಲಿ ಅದರ ಎರಡನೇ ಭಾಗ ಬಂತು, ಅದ್ರಲ್ಲಿ ಒಂದು ಟ್ಯಾಂಕರ್ ಪೆಟ್ರೋಲ್‌ಗೋಸ್ಕರ ಜನ ಸಾಯ್ತಾರೆ. ಅದು ಗೆದ್ದಿದ್ದೇ ತಡ ಇಟಲಿಯಲ್ಲಿ ಸಾಲಾಗಿ ಅದೇ ಥರದ ಸಿನಿಮಾಗಳು ಬಂದ್ವು, ಯಾಕಂದ್ರೆ ಲೋಕ ಹಾಳಾದ ಮೇಲಿನ ಕಥೆಗೆ ಖರ್ಚು ಕಮ್ಮಿ: ಒಂದು ಕಲ್ಲು ಕ್ವಾರಿ ಸಿಕ್ಕಿದ್ರೆ ಅದೇ ಮರುಭೂಮಿ, ಜೂನಿಯರ್ ಆರ್ಟಿಸ್ಟ್‌ಗಳ ಗುಂಪು ಬೇಡ, ಹಳೇ ಟೈರು, ಆಟದ ಪ್ಯಾಡು, ಹೆಲ್ಮೆಟ್ ಸೇರಿಸಿ ಹೊಲಿದ್ರೆ ವಿಲನ್ ಡ್ರೆಸ್ ರೆಡಿ. ‘ಟರ್ಬೋ ಕಿಡ್’ ಮಾಡಿದವರು ಇಂಥ ಸಿನಿಮಾಗಳನ್ನ ವಿಡಿಯೋ ಕ್ಯಾಸೆಟ್‌ನಲ್ಲಿ ನೋಡ್ಕೊಂಡು ಬೆಳೆದ ತಲೆಮಾರಿನೋರು. ಅವ್ರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳಿದ್ದು ಇಷ್ಟೇ, ಲೋಕ ಹಾಳಾಗಿದೆ ಅಂದ್ಮೇಲೆ ಪೆಟ್ರೋಲ್ ಎಲ್ಲಿಂದ ಬರುತ್ತೆ? ಪೆಟ್ರೋಲೇ ಇಲ್ಲ, ಹಾಗಾದ್ರೆ ಕಾರೂ ಇಲ್ಲ, ಉಳಿದಿದ್ದು ಬಿಎಂಎಕ್ಸ್ ಸೈಕಲ್ಲು, 80ರ ದಶಕದಲ್ಲಿ ಹುಡುಗರೆಲ್ಲ ಪ್ರಾಣ ಬಿಡ್ತಿದ್ದ ಆ ಪುಟ್ಟ ಚಕ್ರದ ಸೈಕಲ್ಲು.

ಕಾರ್ ಚೇಸಿಂಗ್ ಮಾಡ್ಬೇಕು ಅಂದ್ರೆ ಸ್ಟಂಟ್ ಡ್ರೈವರ್, ಒಡೆದು ಹಾಕೋಕೆ ಗಾಡಿಗಳು, ಖಾಲಿ ಮಾಡ್ಸಿದ ರಸ್ತೆ ಎಲ್ಲಾ ಬೇಕು. ಸೈಕಲ್ ಆದ್ರೆ ಆ ಖರ್ಚು ಅಷ್ಟೂ ಉಳೀತು, ಕಥೆಗೆ ಲಾಜಿಕ್ಕೂ ಸಿಕ್ತು, ಅದರ ಮೇಲೆ ನಗುನೂ ಬಂತು. ಮುಖಕ್ಕೆ ಭಯಂಕರ ಮುಖವಾಡ ಹಾಕ್ಕೊಂಡ ರೌಡಿಗಳ ಗ್ಯಾಂಗ್ ದಿಬ್ಬದ ಮೇಲಿಂದ ಇಳ್ಕೊಂಡು ಬರುತ್ತೆ, ಎಲ್ರೂ ಮಂಡಿ ಎದೆಗೆ ತಾಗೋ ಹಾಗೆ ಪೆಡಲ್ ತುಳೀತಿದಾರೆ. ಆದ್ರೆ ಒಬ್ಬನ ಮುಖದಲ್ಲೂ ‘ನೋಡಿ ನಾವು ಕಾಮಿಡಿ ಮಾಡ್ತಿದೀವಿ’ ಅನ್ನೋ ಕಳೆ ಇಲ್ಲ. ಸಿನಿಮಾದೊಳಗಿರೋ ಯಾರಿಗೂ ಇದು ಕಾಮಿಡಿ ಅಂತ ಗೊತ್ತೇ ಇಲ್ಲ, ಅವರಿಗೆ ಇದು ಜೀವನ್ಮರಣದ ಪ್ರಶ್ನೆ. ನಾನು ಹೇಳ್ಬೇಕಿರೋದು ಇದೊಂದೇ, ಮಿಕ್ಕಿದ್ದೆಲ್ಲ ಇದರ ಸುತ್ತಾನೇ ಬರುತ್ತೆ.

ನೀವು ಆಫ್ ಮಾಡಿದ ಮೇಲೆ ಏನಾಯ್ತು ಅನ್ನೋದಕ್ಕಿಂತ ಅದಕ್ಕೂ ಮುಂಚಿನ ಒಂದು ಸೀನ್ ಮತ್ತೆ ನೋಡಿ. ಹೀರೋ ಒಬ್ಬ ಅನಾಥ ಹುಡುಗ, ಗುಜರಿ ಹೆಕ್ಕಿ ಅದಕ್ಕೆ ಬದಲಾಗಿ ಕುಡಿಯೋ ನೀರು ತಗೋತಾನೆ, ಕಾಮಿಕ್ಸ್ ಓದ್ಕೊಂಡು ಒಬ್ಬನೇ ಇರ್ತಾನೆ. ಪಾಳು ಬಿದ್ದ ಆಟದ ಮೈದಾನದಲ್ಲಿ ಆಪಲ್ ಅನ್ನೋ ಹುಡುಗಿ ಸಿಗ್ತಾಳೆ, ಪಕ್ಕದಲ್ಲಿ ಒಂದು ಹೆಣ, ಅದು ಅವಳ ಫ್ರೆಂಡಂತೆ! ಇವನನ್ನ ನೋಡಿದ್ದೇ ಕಣ್ಣರಳಿಸಿ ಮುಖದ ತುಂಬಾ ನಗ್ತಾಳೆ, ತಪ್ಪಿಸ್ಕೊಂಡು ಹೋಗ್ಬಾರ್ದು ಅಂತ ಅವನ ಕೈಗೆ ಒಂದು ಟ್ರ್ಯಾಕಿಂಗ್ ಬಳೆ ತೊಡಿಸಿಬಿಡ್ತಾಳೆ. ಹುಡುಗ ಹೆದರಿ ಓಡ್ತಾನೆ. ಲೋರಾನ್ಸ್ ಲೆಬಫ್ ಅನ್ನೋ ನಟಿ ಆ ನಗುವನ್ನ ಎಷ್ಟು ನಿಜವಾಗಿ ನಕ್ಕಿದಾರೆ ಅಂದ್ರೆ ಮೊದಲು ಭಯ ಆಗುತ್ತೆ, ಆಮೇಲೆ ಅದೇ ನಗುಗೆ ಏನಾದ್ರೂ ಆಗ್ಬಿಡುತ್ತೇನೋ ಅಂತ ಹೊಟ್ಟೆ ಕಿವುಚುತ್ತೆ. ಆಪಲ್ ಬಗ್ಗೆ ಒಂದು ಗುಟ್ಟಿದೆ, ಅದನ್ನ ಇಲ್ಲಿ ಹೇಳಲ್ಲ.

ಪ್ರಶ್ನೆ: ಶುರುವಲ್ಲೇ ಇದು ಭವಿಷ್ಯ, 1997 ಅಂತಾರೆ. ಸಿನಿಮಾ ಬಂದಿದ್ದು 2015ರಲ್ಲಿ. ತಪ್ಪಲ್ವಾ?

ಉತ್ತರ: ತಪ್ಪಲ್ಲ, ಬೇಕಂತ್ಲೇ ಇಟ್ಟಿದ್ದು. 80ರ ದಶಕದ ಮಂದಿ ಕಲ್ಪಿಸ್ಕೊಂಡಿದ್ದ ಭವಿಷ್ಯ ಅದು. 1981ರಲ್ಲಿ ಬಂದ ಜಾನ್ ಕಾರ್ಪೆಂಟರ್ ಅವರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ ಕಥೆ ನಡೆಯೋದೂ 1997ರಲ್ಲೇ.

ಪ್ರಶ್ನೆ: ಅಷ್ಟೊಂದು ರಕ್ತ ಯಾಕೆ? ಕಂಪ್ಯೂಟರ್‌ನಲ್ಲಿ ಮಾಡ್ತಾರಾ?

ಉತ್ತರ: ಇಲ್ಲಿ ಹೆಚ್ಚಿನದು ಸೆಟ್ಟಲ್ಲೇ ಹಾರಿಸಿದ ರಕ್ತ, ಅದಕ್ಕೇ ಅಷ್ಟು ಮಜಾ. ಸಿನಿಮಾ ರಕ್ತ ಅಂದ್ರೆ ಸಾಮಾನ್ಯವಾಗಿ ಸಕ್ಕರೆ ಪಾಕದ ಥರದ ಕಾರ್ನ್ ಸಿರಪ್ಪು, ಅದಕ್ಕೆ ಕೆಂಪು ಬಣ್ಣ, ಅದು ತೀರಾ ಆಟದ ಬಣ್ಣದ ಹಾಗೆ ಕಾಣದಿರೋಕೆ ಒಂದೆರಡು ಹನಿ ನೀಲಿ. ಗಾಯದಿಂದ ನಿಧಾನಕ್ಕೆ ಇಳೀಬೇಕು ಅಂದ್ರೆ ಗಟ್ಟಿಯಾಗಿ ಬಿಡ್ತಾರೆ, ಕಾರಂಜಿ ಥರ ಚಿಮ್ಮಬೇಕು ಅಂದ್ರೆ ನೀರು ಬೆರೆಸಿ ತೆಳು ಮಾಡ್ಬೇಕು, ಇಲ್ದಿದ್ರೆ ಪೈಪಲ್ಲೇ ಕಟ್ಕೊಳ್ಳುತ್ತೆ. ಡ್ರೆಸ್ ಒಳಗಡೆ ಪೈಪು, ಕ್ಯಾಮೆರಾಗೆ ಕಾಣದ ಕಡೆ ಪಂಪು, ಆಕ್ಷನ್ ಅಂದ ತಕ್ಷಣ ಒಬ್ಬರು ಒತ್ತಬೇಕು. ಒಂದು ಸಲ ಚಿಮ್ತು ಅಂದ್ರೆ ಡ್ರೆಸ್ಸು, ಕೂದಲು, ನೆಲ ಎಲ್ಲಾ ಅಂಟಂಟು, ಮತ್ತೆ ಒಂದು ಟೇಕ್ ಬೇಕು ಅಂದ್ರೆ ಅದಷ್ಟೂ ತೊಳೀಬೇಕು ಇಲ್ಲ ಇನ್ನೊಂದು ಡ್ರೆಸ್ ಇರ್ಬೇಕು. ಕಮ್ಮಿ ಬಜೆಟ್‌ನವರಿಗೆ ಇನ್ನೊಂದು ಡ್ರೆಸ್ ಎಲ್ಲಿಂದ ಬರ್ಬೇಕು, ಅದಕ್ಕೇ ಇಂಥ ಸಿನಿಮಾಗಳ ಟೀಂ ಮೇಲೆ ನನಗೆ ಗೌರವ ಜಾಸ್ತಿ, ಒಂದೇ ಏಟಿಗೆ ಸರಿಯಾಗಿ ಬರ್ಬೇಕಲ್ಲ.

ಇನ್ನು ‘ಅಷ್ಟೊಂದು’ ಯಾಕೆ ಅಂದ್ರಿ. ಕೊನೇ ಫೈಟಲ್ಲಿ ಒಬ್ಬನ ಅರ್ಧ ದೇಹ ಹಾರಿ ಹೋಗಿ ಇನ್ನೊಬ್ಬನ ತಲೆ ಮೇಲೆ ಕೂತ್ಕೊಳ್ಳುತ್ತೆ. ಇದನ್ನ ನೋಡಿ ಯಾರಿಗೂ ನೋವಿನ ನೆನಪಾಗಲ್ಲ, ಹುಡುಗರು ಆಟ ಆಡ್ವಾಗ ‘ನಿನ್ನ ತಲೆ ಢಂ ಅಂತ ಹೋಯ್ತು’ ಅಂತ ಕೂಗ್ತಾರಲ್ಲ, ಅದನ್ನೇ ಎತ್ತಿ ತೆರೆ ಮೇಲೆ ಇಟ್ಟ ಹಾಗಿದೆ. ಆದ್ರೆ ವಿಲನ್ ಝ್ಯೂಸ್ ವಿಷ್ಯ ಬೇರೆ. ನೀರಿಗೆ ಬರ ಇರೋ ಲೋಕದಲ್ಲಿ ನೀರು ಮಾರೋದು ಅವನೇ, ಆ ನೀರು ಬರೋದು ಮನುಷ್ಯರನ್ನ ಯಂತ್ರಕ್ಕೆ ಹಾಕಿ ಹಿಂಡೋದ್ರಿಂದ. ದೊಡ್ಡೋರ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರೋದು ನೀರೇ ಅಲ್ವಾ, ಅದಕ್ಕೆ ಆ ಐಡಿಯಾ ಕೇಳಿದ್ರೆ ನಗು ಅರ್ಧಕ್ಕೇ ನಿಂತು ಹೋಗುತ್ತೆ. ಮೈಕಲ್ ಐರನ್‌ಸೈಡ್ ಆ ಪಾತ್ರವನ್ನ ದೊಡ್ಡ ಬಜೆಟ್ ಸಿನಿಮಾಗೆ ಮಾಡೋ ಶ್ರದ್ಧೆಯಲ್ಲೇ ಮಾಡಿದಾರೆ.

ಪ್ರಶ್ನೆ: ಮೇಡಂ ಒಬ್ಬರು ಕೇಳಿದಾರೆ, ‘ಮಗನಿಗೆ ಹತ್ತು ವರ್ಷ, ಪೋಸ್ಟರಲ್ಲಿ ಸೈಕಲ್ ನೋಡಿ ತೋರಿಸು ಅಂತಿದಾನೆ, ತೋರಿಸ್ಲಾ?’

ಉತ್ತರ: ಬೇಡಮ್ಮ, ಈಗ್ಲೇ ಬೇಡ. ಸೈಕಲ್, ಕಾಮಿಕ್ಸ್, ಹೆಲ್ಮೆಟ್ ಎಲ್ಲಾ ನೋಡಿದ್ರೆ ಮಕ್ಕಳ ಸಿನಿಮಾ ಥರಾನೇ ಕಾಣುತ್ತೆ, ಆದ್ರೆ ಕೈಕಾಲು ಕತ್ತರಿಸೋದು, ಹೊಟ್ಟೆ ಸೀಳೋದು ಎಲ್ಲಾ ಹತ್ತಿರದಿಂದ ತೋರಿಸ್ತಾರೆ. ದೊಡ್ಡವನಾದ್ಮೇಲೆ ನೀವಿಬ್ರೂ ಜೊತೆಗೆ ಕೂತು ನೋಡಿ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಶಾರ್ಟ್ ಫಿಲಂ ಮಾಡಿ ಒಂದು ಸ್ಪರ್ಧೆಗೆ ಕಳಿಸಿದ್ವಿ, ಆಯ್ಕೆ ಆಗ್ಲಿಲ್ಲ. ಇನ್ನು ಮುಂದೆ ಬೇಡ ಅನ್ನಿಸಿಬಿಟ್ಟಿದೆ.

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯ್ತು, ಯಾಕಂದ್ರೆ ಮೇಲೆ ಇಷ್ಟೊತ್ತು ಹೇಳಿದ ಸಿನಿಮಾ ಹುಟ್ಟಿದ್ದೇ ಹೀಗೆ. ಕೆನಡಾದ ಕ್ವೆಬೆಕ್‌ನ ಫ್ರಾನ್ಸ್ವಾ ಸಿಮಾರ್, ಅನೂಕ್ ವಿಸೆಲ್, ಯೋಆನ್ ಕಾರ್ಲ್ ವಿಸೆಲ್ ಅಂತ ಮೂರು ಜನ, ಒಟ್ಟಿಗೇ ಡೈರೆಕ್ಷನ್ ಮಾಡ್ತಾರೆ. 2011ರಲ್ಲಿ ‘ದಿ ಎಬಿಸಿಸ್ ಆಫ್ ಡೆತ್’ ಅನ್ನೋ, ಇಂಗ್ಲಿಷ್‌ನ ಒಂದೊಂದು ಅಕ್ಷರಕ್ಕೆ ಸಾವಿನ ಒಂದೊಂದು ಕಿರುಕಥೆ ಇರೋ ಸಿನಿಮಾಗೆ ‘ಟಿ’ ಅಕ್ಷರದ ಮೇಲೆ ಒಂದು ಶಾರ್ಟ್ ಫಿಲಂ ಬೇಕು ಅಂತ ಸ್ಪರ್ಧೆ ಇಟ್ಟಿದ್ರು, ಇವ್ರು ‘ಟಿ ಈಸ್ ಫಾರ್ ಟರ್ಬೋ’ ಕಳಿಸಿದ್ರು. ಗೆಲ್ಲಲಿಲ್ಲ. ಆದ್ರೆ ಆ ಸಿನಿಮಾದ ಪ್ರೊಡ್ಯೂಸರ್ ನ್ಯೂಜಿಲೆಂಡಿನ ಆಂಟ್ ಟಿಂಪ್ಸನ್‌ಗೆ ಅದು ಹಿಡಿಸ್ತು, ಇದನ್ನ ಪೂರ್ತಿ ಸಿನಿಮಾ ಮಾಡೋಣ ಅಂದ್ರು. ಕೆನಡಾ, ನ್ಯೂಜಿಲೆಂಡ್ ಎರಡೂ ಕಡೆಯವರು ಸೇರಿ ಮಾಡಿದ ಸಿನಿಮಾ 2015ರ ಜನವರಿಯಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಸಲ ತೆರೆ ಕಂಡಿತು.

ನಿಮ್ಮ ಶಾರ್ಟ್ ಫಿಲಂ ಲಿಂಕ್ ಕಳಿಸಿ, ನೋಡ್ತೀನಿ. ಸೌಂಡ್ ಚೆನ್ನಾಗಿಲ್ಲ ಅಂತ ನೀವೇ ಬರ್ದಿದೀರಲ್ಲ, ಕಳಿಸೋ ಮುಂಚೆ ಅದೊಂದನ್ನ ಮತ್ತೆ ಕೂತು ಸರಿ ಮಾಡಿ.