ಮೆಮ್‌ಸೆಟ್ ಮಾಡಿದರೂ ಪಾಸ್‌ವರ್ಡ್ ಅಳಿಯದಿರುವುದೇಕೆ?

ನಮಸ್ಕಾರ. ವಿಜಯಪುರದ ಪತ್ತಿನ ಸಹಕಾರಿ ಸಂಘಕ್ಕೆ ಸಿ ಭಾಷೆಯಲ್ಲಿ ತಂತ್ರಾಂಶ ಬರೆಯುತ್ತಿರುವ ನೀವು, ಮೆಮೊರಿಗೆ ಒಂದೇ ಮೌಲ್ಯ ತುಂಬುವ ಮೆಮ್‌ಸೆಟ್ ಫಂಕ್ಷನ್‌ನಿಂದ ಸೊನ್ನೆ ತುಂಬಿದರೂ ಮೆಮೊರಿ ಡಂಪ್‌ನಲ್ಲಿ (ಮೆಮೊರಿಯ ನಕಲಿನಲ್ಲಿ) ಪಾಸ್‌ವರ್ಡ್ ಏಕೆ ಕಾಣುತ್ತದೆ ಎಂದು ಕೇಳಿದ್ದೀರಿ. ಪಾಸ್‌ವರ್ಡ್ ಇಟ್ಟ ಮೆಮೊರಿಯ ಜಾಗವನ್ನು, ಅಂದರೆ ಬಫರನ್ನು, ಮುಂದೆ ಯಾರೂ ಓದುವುದಿಲ್ಲ ಎಂದು ಕಂಡರೆ, ಸೊನ್ನೆ ತುಂಬುವುದು ವ್ಯರ್ಥವೆಂದು ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಆ ಸಾಲನ್ನೇ ಕಿತ್ತುಹಾಕುತ್ತದೆ. ಭಾಷೆಯ ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ಬೆಳಗಾವಿಯಲ್ಲಿ ನಾನೂ ಇದರ ಹಿಂದೆ ಎರಡು ರಾತ್ರಿ ಕಳೆದಿದ್ದೇನೆ: ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸೇಶನ್ ಇಲ್ಲದಾಗ ಎಲ್ಲ ಸರಿ, ಅದನ್ನು ಚಾಲೂ ಮಾಡುವ ಓ2 ಆಯ್ಕೆ ಹಾಕಿ, ಕಂಪೈಲರ್ ಕೊಟ್ಟ ಅಸೆಂಬ್ಲಿ ಕೋಡ್ ತೆರೆದರೆ ಮೆಮ್‌ಸೆಟ್‌ನ ಸುಳಿವೇ ಇಲ್ಲ.

ಲಿನಕ್ಸ್‌ನಲ್ಲಿ, ಕಂಪೈಲರ್ ಕಿತ್ತುಹಾಕದ ಎಕ್ಸ್‌ಪ್ಲಿಸಿಟ್_ಬಿಜೀರೋ ಫಂಕ್ಷನ್ ಬಳಸಿ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯ 2017ರ 2.25 ಆವೃತ್ತಿಯಿಂದ ಅದು ಇದೆ. ವಿಂಡೋಸ್‌ನಲ್ಲಿ ಸೆಕ್ಯೂರ್‌ಜೀರೋಮೆಮೊರಿ.

ಆದರೆ ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಗಾತ್ರ ಬದಲಿಸಲು ರಿಅಲಾಕ್ ಮಾಡಿದಾಗ ಬಫರ್ ಬೇರೆ ಜಾಗಕ್ಕೆ ಹೋದರೆ ಹಳೆಯ ಜಾಗದಲ್ಲಿ ಪಾಸ್‌ವರ್ಡ್ ಹಾಗೆಯೇ ಉಳಿಯಬಹುದು. ಪಾಸ್‌ವರ್ಡನ್ನು ಎಫ್‌ಗೆಟ್ಸ್ ಫಂಕ್ಷನ್‌ನಿಂದ ಓದಿದರೆ ಲೈಬ್ರರಿಯ ಒಳ ಬಫರ್‌ನಲ್ಲೂ ಒಂದು ಪ್ರತಿ ಕೂತಿರುತ್ತದೆ. ಅದರ ಬದಲು ನೇರವಾಗಿ ರೀಡ್ ಫಂಕ್ಷನ್ ಬಳಸಿ. ಬಫರ್ ಡಿಸ್ಕ್‌ನಲ್ಲಿರುವ ಸ್ವಾಪ್‌ಗೆ ಹೋಗದಂತೆ ಎಂಲಾಕ್ ಹಾಕಿ, ಪ್ರೋಗ್ರಾಂ ಕುಸಿದಾಗ ಮೆಮೊರಿಯನ್ನು ಕಡತಕ್ಕೆ ಬರೆಯುವ ಕೋರ್ ಡಂಪ್ ನಿಲ್ಲಿಸಿ. ರೈತರು, ನೇಕಾರರು ಕೂಡಿಟ್ಟ ಹಣದ ಕೀಲಿ ಅದು. ಪಾಸ್‌ವರ್ಡ್ ತಪ್ಪಾಗಿ ಫಂಕ್ಷನ್ ಮಧ್ಯದಲ್ಲೇ ಮರಳುವ ದಾರಿಯಲ್ಲೂ ಅಳಿಸುತ್ತಿದ್ದೀರಾ, ಇಂದೇ ನೋಡಿ. ನಾನು ಮರೆತದ್ದು ಅಲ್ಲಿಯೇ.